ಗಾಯಾಳುಗಳೂ ಗಗನಯಾನವೂ

ಮುರಿದ ಕಾಲಿಗೆ ಪ್ಲಾಸ್ಟರ್ ಕಟ್ಟಿಸಿಕೊಂಡ ಮನುಷ್ಯನು ಮರುದಿನವೇ ವಿಮಾನವನ್ನೇರಬಹುದೇ, ಏರಕೂಡದೇ ಎಂಬ ಪ್ರಶ್ನೆಯು ಸಂಪಾದಕೀಯ ಲೇಖನಕ್ಕೆ ತಕ್ಕ ವಿಷಯವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ದೇಶದ ಮಹಾಪ್ರಶ್ನೆಗಳೆಷ್ಟೋ ಇತ್ಯರ್ಥವಾಗದೆ ಬಿದ್ದಿರುವಾಗ ಕಣಕಾಲಿನ ಮೂಳೆಯ ಚರ್ಚೆಯೇಕೆಂದು ಅವರು ಕೇಳಿದರೆ ಅದು ತಪ್ಪೂ ಅಲ್ಲ. ಆದರೆ ಪ್ರತಿದಿನವೂ ನಮ್ಮ ಊರುಗಳಲ್ಲಿ ಯಾರಾದರೊಬ್ಬರು ಜಾರಿ ಬೀಳುತ್ತಾರೆ, ಯಾರಾದರೊಬ್ಬರು ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳುತ್ತಾರೆ. ಅವರಲ್ಲಿ ಹಲವರ ಜೇಬಿನಲ್ಲಿ ಅದಾಗಲೇ ವಿಮಾನದ ಟಿಕೆಟ್ಟಿರುತ್ತದೆ. ಹೋಗಬೇಕೇ, ನಿಲ್ಲಬೇಕೇ ಎಂಬ ನಿರ್ಣಯವನ್ನು ಅವರು ಒಂದು ರಾತ್ರಿಯೊಳಗೆ, ನೋವಿನ ನಡುವೆ, ಬಹುಮಟ್ಟಿಗೆ ಅಜ್ಞಾನದಲ್ಲಿಯೇ ಮಾಡಬೇಕಾಗುತ್ತದೆ. ಪ್ರಜೆಗಳ ಅಜ್ಞಾನದಿಂದ ಅಂಗಹಾನಿಯೂ ಪ್ರಾಣಹಾನಿಯೂ ಸಂಭವಿಸುವ ಯಾವ ವಿಷಯವೂ ಪತ್ರಿಕೆಗೆ ಅಲ್ಪವಾದುದಲ್ಲವೆಂಬುದೇ ನಮ್ಮ ಮತ.

ವಿಮಾನಯಾನವು ಇಂದು ಧನಿಕರ ವಿಲಾಸವಾಗಿ ಉಳಿದಿಲ್ಲ. ೧೯೩೨ನೆಯ ಇಸವಿ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲಗಳನ್ನು ಹೊತ್ತ ಚಿಕ್ಕ ವಿಮಾನವನ್ನು ತಾವೇ ನಡೆಸಿ ತಂದರು. ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಅವರು ಆ ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. ಅಂದು ಕನ್ನಡದ ನೆಲದಲ್ಲಿ ಇಳಿದ ವಿಮಾನವು ಹೊತ್ತದ್ದು ಕಾಗದಪತ್ರಗಳನ್ನು. ಇಂದಾದರೋ ೨೦೦೮ರಲ್ಲಿ ದೇವನಹಳ್ಳಿಯ ನಿಲ್ದಾಣವೂ, ೨೦೧೯ರಲ್ಲಿ ಕಲಬುರಗಿಯದೂ, ೨೦೨೩ರಲ್ಲಿ ಶಿವಮೊಗ್ಗದ್ದೂ ತೆರೆದು, ಶಾಲೆಯ ಉಪಾಧ್ಯಾಯರೂ ಸಣ್ಣ ವ್ಯಾಪಾರಿಗಳೂ ಕೊಲ್ಲಿಯ ದೇಶಗಳಲ್ಲಿ ಕೂಲಿ ಮಾಡುವ ನಮ್ಮ ಕರಾವಳಿಯ ತರುಣರೂ ಆಕಾಶಮಾರ್ಗದಲ್ಲಿ ಸಂಚರಿಸುತ್ತಿದ್ದಾರೆ. ಸಂಚಾರವು ಸರ್ವಸಾಮಾನ್ಯವಾಯಿತು, ಅದರ ನಿಯಮಗಳ ಜ್ಞಾನವು ಮಾತ್ರ ಸರ್ವಸಾಮಾನ್ಯವಾಗಲಿಲ್ಲ.

ಈ ಮಾತನ್ನು ನಾವು ಪರೋಪದೇಶ ಪಾಂಡಿತ್ಯದಿಂದ ಆಡುತ್ತಿಲ್ಲ. ಕೆಲವು ಕಾಲದ ಕೆಳಗೆ ಒಂದು ಸೋಮವಾರದ ರಾತ್ರಿ ನಮ್ಮ ಮುದ್ರಣಾಲಯದ ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಬಲಗಾಲಿನ ಕಣಕಾಲನ್ನು ಮುರಿದುಕೊಂಡೆವು. ಮಂಗಳವಾರ ಸಂಜೆ ಪ್ಲಾಸ್ಟರ್ ಕಟ್ಟಿದರು. ಬುಧವಾರ ಬೆಳಗಿನ ವಿಮಾನದಲ್ಲಿ ದಿಲ್ಲಿಗೆ ಹೊರಡಬೇಕಾಗಿತ್ತು. ಗುರುವಾರ ನಮ್ಮ ತಂಗಿಯ ಮಗಳ ವಿವಾಹ. ಕನ್ಯೆಯನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕೂ ಹೌದು, ಕರ್ತವ್ಯವೂ ಹೌದು. “ಅಣ್ಣಾ, ನೀನು ಬಾರದಿದ್ದರೆ ಹೇಗೆ?” ಎಂದು ತಂಗಿಯು ದೂರವಾಣಿಯಲ್ಲಿ ಕೇಳಿದಾಗ ನಮ್ಮ ವಿವೇಕವು ಅರ್ಧಕ್ಕರ್ಧ ಕರಗಿತು. ವಿಮಾನ ಸಂಸ್ಥೆಯೊಂದರ ಗುಮಾಸ್ತರನ್ನು ವಿಚಾರಿಸಲಾಗಿ, ಅವರು ಕೇಳಿದ್ದು ಒಂದೇ ಪ್ರಶ್ನೆ: ಗಾಲಿಕುರ್ಚಿ ಬೇಕೇ ಎಂದು. ಪ್ಲಾಸ್ಟರ್ ಕಟ್ಟಿ ಎಷ್ಟು ಗಂಟೆಯಾಯಿತೆಂದು ಅವರು ಕೇಳಲೂ ಇಲ್ಲ, ಕೇಳಬೇಕೆಂದು ಅವರಿಗೆ ತಿಳಿದಿದ್ದಂತೆಯೂ ತೋರಲಿಲ್ಲ.

ಕೇಳಿದವರು ನಮ್ಮ ವೈದ್ಯರೊಬ್ಬರೇ. “ರಾಯರೇ, ಕಾಲು ನಿಮ್ಮದು, ಮದುವೆ ನಿಮ್ಮ ಮನೆಯದು. ಆದರೆ ಊತ ಇನ್ನೂ ಏರುತ್ತಿದೆ. ಅದು ಆಕಾಶದಲ್ಲಿ ಹೆಚ್ಚಿದರೆ ನನ್ನ ಗರಗಸ ಅಲ್ಲಿ ನಿಮಗೆ ಸಿಕ್ಕುವುದಿಲ್ಲ” ಎಂದರು. ನಾವು ನಿಂತೆವು, ಸಂತೋಷದಿಂದ ನಿಂತೆವೆಂದು ಹೇಳಲಾರೆವು. ಮರುದಿನ ಬೆಳಗ್ಗೆ, ನಾವು ಏರಬೇಕಾಗಿದ್ದ ವಿಮಾನವು ಮೇಲೆದ್ದು ಒಂದು ಗಂಟೆಯಾಗಿರಬಹುದಾದ ವೇಳೆಗೆ, ಮನೆಯ ಹಾಸಿಗೆಯ ಮೇಲೆಯೇ ಕಾಲು ಬಿಗಿದು, ಬೆರಳುಗಳು ಜೋಮು ಹಿಡಿದು, ತಡೆಯಲಾಗದ ನೋವು ಉಂಟಾಯಿತು. ಆಸ್ಪತ್ರೆಗೆ ಒಯ್ದು ಪ್ಲಾಸ್ಟರನ್ನು ಉದ್ದಕ್ಕೆ ಸೀಳಿದ ಬಳಿಕ ಕಾಲು ಸಡಿಲವಾಯಿತು. ಭೂಮಿಯ ಮೇಲೆಯೇ ಹೀಗಾದುದು ಆಕಾಶದಲ್ಲಿ ಆಗಿದ್ದರೆ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು. ಮಂಟಪದಲ್ಲಿ ನಮ್ಮ ಚಿಕ್ಕಪ್ಪನ ಮಗನು ನಮ್ಮ ಸ್ಥಾನದಲ್ಲಿ ನಿಂತನು.

ಇದರ ಕಾರಣವನ್ನು ತಿಳಿಯುವುದಕ್ಕೆ ವೈದ್ಯಶಾಸ್ತ್ರದ ಪದವಿ ಬೇಕಿಲ್ಲ. ವಿಮಾನದೊಳಗಿನ ವಾಯುಭಾರವು ನೆಲದ ಮೇಲಿನ ವಾಯುಭಾರದಂತೆಯೇ ಇರುವುದೆಂದು ಬಹುಜನರು ನಂಬಿದ್ದಾರೆ. ಅದು ತಪ್ಪು. ವಿಮಾನವು ಮೂವತ್ತೈದು ಸಾವಿರ ಅಡಿಗಳ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯನ್ನು ಯಂತ್ರಗಳ ಸಹಾಯದಿಂದ ಒತ್ತಿ ಇಡುತ್ತಾರೆ, ನಿಜ. ಆದರೆ ಅದನ್ನು ಸಮುದ್ರಮಟ್ಟದ ಒತ್ತಡಕ್ಕೆ ತರುವುದಿಲ್ಲ. ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟು ಒತ್ತಡವಿರುವುದೋ ಅಷ್ಟನ್ನೇ ಇಡುತ್ತಾರೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯು ಸುಮಾರು ೬,೩೩೦ ಅಡಿ. ಉದಕಮಂಡಲವು ಸುಮಾರು ೭,೩೫೦ ಅಡಿ. ಅಂದಮೇಲೆ ಮಂಗಳೂರಿನಲ್ಲಿ ವಿಮಾನವನ್ನೇರಿದವನು ಅರ್ಧಗಂಟೆಯೊಳಗಾಗಿ ಹೆಚ್ಚುಕಡಮೆ ಉದಕಮಂಡಲದಷ್ಟು ಎತ್ತರದ ಸ್ಥಳದಲ್ಲಿ ಕುಳಿತವನಂತಾಗುತ್ತಾನೆ.

ಇದರಿಂದ ಎರಡು ಪರಿಣಾಮಗಳುಂಟು. ಮೊದಲನೆಯದು, ಮುಚ್ಚಿದ ಸ್ಥಳದಲ್ಲಿ ಸಿಕ್ಕಿಕೊಂಡ ಗಾಳಿಯು ಹಿಗ್ಗುವುದು. ಎಂಟು ಸಾವಿರ ಅಡಿಯಲ್ಲಿ ಅದರ ಗಾತ್ರವು ಸಮುದ್ರಮಟ್ಟದಲ್ಲಿದ್ದುದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಬೆಂಗಳೂರು ತಾನೇ ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಇಲ್ಲಿಂದ ಹೊರಟವನಿಗೆ ಈ ಹಿಗ್ಗುವಿಕೆಯು ಸುಮಾರು ಐದನೆಯ ಒಂದು ಪಾಲು ಮಾತ್ರ. ಕರಾವಳಿಯವನಿಗೆ ಅಷ್ಟು ರಿಯಾಯಿತಿಯಿಲ್ಲ. ಎರಡನೆಯದು, ಉಸಿರಿನೊಡನೆ ದೊರೆಯುವ ಪ್ರಾಣವಾಯುವು ಕಡಮೆಯಾಗುವುದು. ಆರೋಗ್ಯವಂತನಿಗೆ ಇದು ಗಮನಕ್ಕೂ ಬಾರದು. ಆದರೆ ಗಾಯದಿಂದ ಬಹಳ ರಕ್ತವನ್ನು ಕಳೆದುಕೊಂಡವನಿಗೂ ಎದೆಗೆ ಪೆಟ್ಟು ತಿಂದವನಿಗೂ ಇದೇ ದೊಡ್ಡ ಹೊರೆಯಾಗಬಹುದು.

ಈಗ ಪ್ಲಾಸ್ಟರಿನ ವಿಚಾರವನ್ನು ನೋಡೋಣ. ಮೂಳೆ ಮುರಿದ ಮೊದಲ ಎರಡು ದಿನಗಳಲ್ಲಿ ಊತವು ಏರುತ್ತದೆ. ಹೊರಗಿನ ಪ್ಲಾಸ್ಟರು ಹಿಗ್ಗದು. ಒಳಗಿನ ಹತ್ತಿಯಲ್ಲಿ ಸಿಕ್ಕಿಕೊಂಡ ಗಾಳಿಯಾದರೋ ಮೇಲೆ ಹೋದಂತೆ ಹಿಗ್ಗುತ್ತದೆ. ಹಲವು ಗಂಟೆ ಕಾಲನ್ನು ಇಳಿಬಿಟ್ಟು ಕುಳಿತಿರುವುದರಿಂದ ಊತವು ಮತ್ತಷ್ಟು ಹೆಚ್ಚುತ್ತದೆ. ಇವೆಲ್ಲವೂ ಕೂಡಿ ಮಾಂಸಖಂಡಗಳಿಗೆ ರಕ್ತವು ಹರಿಯುವುದನ್ನು ತಡೆದರೆ ಕೆಲವೇ ಗಂಟೆಗಳಲ್ಲಿ ಆ ಅಂಗವು ಕಾಯಂ ಆಗಿ ಕೆಡಬಹುದು. ಜರ್ಮನ್ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್ ಅವರು ಅತಿ ಬಿಗಿಯಾದ ಕಟ್ಟಿನಿಂದ ಕೈಕಾಲುಗಳು ಸೊಟ್ಟಗಾಗುವುದನ್ನು ೧೮೮೧ರಲ್ಲಿಯೇ ವಿವರಿಸಿದ್ದಾರೆ. ಆದುದರಿಂದಲೇ ಬ್ರಿಟನ್ನಿನ ನಾಗರಿಕ ವಿಮಾನಯಾನ ಅಧಿಕಾರಿಗಳು ಹೀಗೆ ಸಲಹೆ ಮಾಡಿದ್ದಾರೆ, ಅನೇಕ ವಿಮಾನ ಸಂಸ್ಥೆಗಳೂ ಇದನ್ನೇ ಅನುಸರಿಸುತ್ತವೆ: ಪ್ಲಾಸ್ಟರ್ ಕಟ್ಟಿದ ಮೇಲೆ ಎರಡು ಗಂಟೆಗಳೊಳಗಿನ ಪ್ರಯಾಣಕ್ಕೆ ೨೪ ಗಂಟೆಗಳ ಕಾಲವೂ, ಅದಕ್ಕಿಂತ ದೀರ್ಘವಾದ ಪ್ರಯಾಣಕ್ಕೆ ೪೮ ಗಂಟೆಗಳ ಕಾಲವೂ ಕಾಯಬೇಕು, ಅದಕ್ಕೆ ಮೊದಲೇ ಹೋಗಲೇಬೇಕಾದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿರಬೇಕು. ಬೆಂಗಳೂರಿನಿಂದ ಮುಂಬಯಿ ಅಥವಾ ಹೈದರಾಬಾದು ಮೊದಲನೆಯ ವರ್ಗಕ್ಕೆ ಸೇರಿದರೆ, ದಿಲ್ಲಿಯೂ ದುಬೈಯೂ ಎರಡನೆಯದಕ್ಕೆ ಸೇರುತ್ತವೆ. ಗಾಳಿ ತುಂಬಿ ಬಿಗಿಸುವ ಕಟ್ಟುಗಳನ್ನಂತೂ ವಿಮಾನದಲ್ಲಿ ಧರಿಸಲೇಬಾರದು. ಪ್ಲಾಸ್ಟರಿಗೆ ಬದಲಾಗಿ ಪುತ್ತೂರಿನ ಕಟ್ಟನ್ನು ಕಟ್ಟಿಸಿಕೊಂಡವರು ತಮಗೆ ಈ ನಿಯಮವು ಅನ್ವಯಿಸದೆಂದು ಭಾವಿಸಕೂಡದು. ಕಟ್ಟು ಯಾವುದಾದರೂ ಕಾಲಿನ ಊತವು ಒಂದೇ.

ಪ್ಲಾಸ್ಟರಿಗಿಂತಲೂ ಗಂಡಾಂತರಕಾರಿಯಾದ ಸಂದರ್ಭಗಳುಂಟು. ಪಕ್ಕೆಲುಬು ಮುರಿದು ಶ್ವಾಸಕೋಶದ ಸುತ್ತ ಗಾಳಿ ಸೋರಿಕೊಂಡಿದ್ದರೆ ವಿಮಾನವನ್ನು ಏರಲೇಬಾರದು. ಆ ಗಾಳಿಯು ಪೂರ್ತಿಯಾಗಿ ಹೋಗಿದೆಯೆಂದು ಎಕ್ಸ್‌-ರೇ ಚಿತ್ರದಿಂದ ಖಚಿತವಾದ ಮೇಲೆಯೂ ಒಂದು ಎರಡು ವಾರ ತಡೆಯಬೇಕು. ತಲೆಗೆ ಪೆಟ್ಟು ಬಿದ್ದು ಕಪಾಲದೊಳಗೆ ಗಾಳಿ ಸೇರಿದ್ದರೂ ನಿಷೇಧವು ಹೀಗೆಯೇ. ಕಣ್ಣಿನ ಅಕ್ಷಿಪಟಲವು ಕಳಚಿದಾಗ ವೈದ್ಯರು ಕೆಲವೊಮ್ಮೆ ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ಇಡುತ್ತಾರೆ. ಅದು ಕರಗಲು ಅನಿಲದ ಜಾತಿಗನುಗುಣವಾಗಿ ಎರಡು ವಾರಗಳಿಂದ ಎಂಟು ವಾರಗಳವರೆಗೆ ಬೇಕಾಗುತ್ತದೆ. ಅದು ಇರುವಾಗ ಹಾರಿದವನು ದೃಷ್ಟಿಯನ್ನೇ ಕಳೆದುಕೊಳ್ಳಬಹುದು. ಹೊರನೋಟಕ್ಕೆ ಅವನು ಪೂರ್ಣ ಆರೋಗ್ಯವಂತನಂತೆ ಕಾಣುವುದರಿಂದ ನಿಲ್ದಾಣದಲ್ಲಿ ತಡೆಯುವವರೂ ಇರುವುದಿಲ್ಲ. ಹೊಟ್ಟೆಯನ್ನು ಸೀಳಿ ಮಾಡಿದ ಶಸ್ತ್ರಚಿಕಿತ್ಸೆಯ ಬಳಿಕ ಸುಮಾರು ಹತ್ತು ದಿನಗಳನ್ನೂ, ಚಿಕ್ಕ ರಂಧ್ರದ ಮೂಲಕ ಮಾಡಿದ್ದಾದರೆ ನಾಲ್ಕೈದು ದಿನಗಳನ್ನೂ ಬಿಡಬೇಕೆಂದು ಹೇಳುತ್ತಾರೆ. ದವಡೆ ಮುರಿದು ತಂತಿಯಿಂದ ಬಿಗಿದಿದ್ದರೆ, ವಾಂತಿಯಾದಾಗ ಆ ತಂತಿಯನ್ನು ಕೂಡಲೇ ಬಿಡಿಸುವ ಏರ್ಪಾಡಿಲ್ಲದೆ ಹೊರಡುವುದು ಆತ್ಮಘಾತವೇ ಸರಿ.

ಮತ್ತೊಂದು ಅಪಾಯವು ಎತ್ತರದಿಂದ ಬರುವುದಲ್ಲ, ಕುಳಿತಿರುವುದರಿಂದ ಬರುವುದು. ನಾವು ನಡೆಯುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತಿರುತ್ತವೆ. ಪ್ಲಾಸ್ಟರಿನಲ್ಲಿ ಬಂಧಿತವಾದ ಕಾಲಿಗೆ ಆ ಚಲನೆಯಿಲ್ಲ. ಮುರಿದ ಮೂಳೆಯ ಸುತ್ತಲೂ ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿಯೂ ಹೆಚ್ಚು. ಹಾಗೆ ಹೆಪ್ಪುಗಟ್ಟಿದ ರಕ್ತದ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕುಳಿತು ಪ್ರಯಾಣ ಮಾಡಿದವರಲ್ಲಿ ಈ ಹೆಪ್ಪುಗಟ್ಟುವಿಕೆಯ ಸಂಭವವು ಸುಮಾರು ಇಮ್ಮಡಿಯಾಗುತ್ತದೆ. ಹಾಗಾದರೂ ಆರೋಗ್ಯವಂತರಲ್ಲಿ ಅದು ಸುಮಾರು ಆರು ಸಾವಿರಕ್ಕೆ ಒಂದರಷ್ಟು ಮಾತ್ರ. ಗಾಯಾಳುವಿನ ಲೆಕ್ಕವೇ ಬೇರೆ. ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಬಹುಕಾಲ ಅಲುಗದೆ ಕುಳಿತವರಿಗೂ ಈ ಅಪಾಯವುಂಟಾದುದರಿಂದ, ವಿಮಾನವನ್ನು ಬಿಟ್ಟು ರಾತ್ರಿಯಿಡೀ ಬಸ್ಸಿನ ಆಸನದಲ್ಲಿ ಮುದುಡಿ ಕುಳಿತವನು ಜಾಣತನವನ್ನು ಮಾಡಿದನೆಂದು ಹೇಳಲಾಗದು. ರಕ್ತವನ್ನು ತೆಳುವಾಗಿಡುವ ಮದ್ದು ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿಶ್ಚಯಿಸಬೇಕೇ ಹೊರತು ನೆರೆಮನೆಯವರಲ್ಲ.

ಇಷ್ಟನ್ನು ಓದಿದ ವಾಚಕರು, ಗಾಯವಾದವನು ವಿಮಾನದ ಕಡೆಗೆ ತಲೆಯೆತ್ತಿಯೂ ನೋಡಕೂಡದೆಂಬುದೇ ನಮ್ಮ ತಾತ್ಪರ್ಯವೆಂದು ತಿಳಿದರೆ ನಮಗೆ ಅನ್ಯಾಯವಾದೀತು. ನಿಷ್ಕಾರಣವಾದ ಭೀತಿಯೂ ನಿಷ್ಕಾರಣವಾದ ಧೈರ್ಯದಷ್ಟೇ ಹಾನಿಕರ. ಕೈಬೆರಳು ಮುರಿದವನೂ, ಊತವಿಳಿದು ಪ್ಲಾಸ್ಟರು ಸಡಿಲವಾಗಿ ಕುಳಿತವನೂ ತಕ್ಕ ಏರ್ಪಾಡುಗಳಿಂದ ನಿರಾತಂಕವಾಗಿ ಹೋಗಿ ಬರಬಹುದು. ನಾವೇ ಮೂರು ವಾರಗಳ ತರುವಾಯ ಅದೇ ವೈದ್ಯರ ಪತ್ರವನ್ನು ಹಿಡಿದು, ಅವರು ಹೇಳಿದ ಚುಚ್ಚುಮದ್ದನ್ನು ತೆಗೆದುಕೊಂಡು, ಊರುಗೋಲಿನೊಡನೆ ದಿಲ್ಲಿಗೆ ಹೋಗಿ ವಧೂವರರನ್ನು ಹರಸಿ ಬಂದೆವು. ಹೋಗಬೇಕೇ ಬೇಡವೇ ಎಂಬುದು ಅರ್ಧ ಪ್ರಶ್ನೆ. ಎಂದು ಹೋಗಬೇಕು, ಹೇಗೆ ಹೋಗಬೇಕು ಎಂಬುದು ಕೂಡಿದಾಗಲೇ ಅದು ಪೂರ್ಣ ಪ್ರಶ್ನೆಯಾಗುತ್ತದೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ, ಅದು ಹಗುರವಾದುದಲ್ಲ. “ಉಳ್ಳವರು ಎರಡು ದಿನ ಕಾಯಬಲ್ಲರು, ಇಲ್ಲದವನು ಏನು ಮಾಡಬೇಕು?” ಕೊಲ್ಲಿಯ ನಗರವೊಂದರಲ್ಲಿ ಕಟ್ಟಡದ ಸಾರುವೆಯಿಂದ ಬಿದ್ದ ಉಡುಪಿಯ ಕಡೆಯ ಕೂಲಿಕಾರನಿಗೆ ಅಲ್ಲಿ ಉಳಿದ ಒಂದೊಂದು ದಿನವೂ ಸಾಲದ ದಿನವೇ. ಊರಿಗೆ ಮರಳಿದರೆ ತಾಯಿಯ ಕೈಯ ಗಂಜಿಯಾದರೂ ದೊರೆತೀತೆಂದು ಅವನು ಹಂಬಲಿಸುತ್ತಾನೆ. ಅವನನ್ನು ಬೇಗನೆ ಕಳುಹಿಸಿ ಕೈತೊಳೆದುಕೊಳ್ಳಲು ಯಜಮಾನನೂ ತವಕಿಸುತ್ತಾನೆ. ಹೀಗಿರುವಾಗ ಅವನು ನೋವನ್ನು ನುಂಗಿ, ಅಂಗಿಯ ಕೆಳಗೆ ಗಾಯವನ್ನು ಮರೆಮಾಡಿ, ಸರದಿಯಲ್ಲಿ ನಿಂತರೆ ಅವನನ್ನು ಮೂರ್ಖನೆಂದು ಹಳಿಯುವ ಅಧಿಕಾರ ನಮಗಾರಿಗೂ ಇಲ್ಲ. ಆದರೆ ಅವನಿಗೆ ಸತ್ಯವನ್ನು ತಿಳಿಸುವ ಹೊಣೆ ನಮ್ಮೆಲ್ಲರದು. ಮಂಗಳೂರಿಗೆ ಬರುವ ಆ ವಿಮಾನವು ದಾಟಬೇಕಾದುದು ಅರಬ್ಬೀ ಸಮುದ್ರವನ್ನು. ನಡುವೆ ಇಳಿಯಲು ನೆಲವಿಲ್ಲ. ಪ್ಲಾಸ್ಟರನ್ನು ಸೀಳಿಸಿಕೊಂಡೋ, ಇನ್ನೆರಡು ದಿನ ತಡೆದೋ ಬಂದರೆ ದುಡಿಯುವ ಕಾಲು ಉಳಿಯುತ್ತದೆ. ಕಾಲು ಉಳಿದರೆ ಸಾಲವೂ ತೀರೀತು. ಬಡವನಿಗೆ ಅವನ ದೇಹವೇ ಬಂಡವಾಳವಾದುದರಿಂದ ಈ ಎಚ್ಚರವು ಉಳ್ಳವನಿಗಿಂತ ಅವನಿಗೇ ಹೆಚ್ಚು ಅಗತ್ಯ.

ಗಾಯವನ್ನು ಮರೆಮಾಡುವ ಪದ್ಧತಿಯನ್ನು ಕುರಿತು ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಗಾಯಾಳುಗಳ ಪ್ರಯಾಣಕ್ಕಾಗಿ ವಿಮಾನ ಸಂಸ್ಥೆಗಳಲ್ಲಿ ‘ಮೆಡಿಫ್’ ಎಂಬ ಒಂದು ನಮೂನೆಯಿದೆ. ಅದರ ಒಂದು ಭಾಗವನ್ನು ಪ್ರಯಾಣಿಕನೂ ಮತ್ತೊಂದು ಭಾಗವನ್ನು ಚಿಕಿತ್ಸೆ ಮಾಡಿದ ವೈದ್ಯನೂ ತುಂಬಿ ಮುಂಚಿತವಾಗಿ ಕಳುಹಿಸಿದರೆ, ಸಂಸ್ಥೆಯ ವೈದ್ಯರು ಅದನ್ನು ಪರಿಶೀಲಿಸಿ ಒಪ್ಪಿಗೆಯನ್ನೂ, ಪ್ರಾಣವಾಯು, ಮಲಗುವ ಮಂಚ, ಕಾಲು ಚಾಚಲು ಹೆಚ್ಚಿನ ಆಸನ ಮೊದಲಾದ ಅನುಕೂಲಗಳನ್ನೂ ನಿರ್ಧರಿಸುತ್ತಾರೆ. ತೊಡೆಯವರೆಗೂ ಪ್ಲಾಸ್ಟರಿದ್ದು ಮೊಣಕಾಲು ಮಡಿಸಲಾರದವನು ಒಂದೇ ಆಸನದಲ್ಲಿ ಕೂರಲಾರನೆಂಬುದು ಸ್ಪಷ್ಟವೇ ಇದೆ. ಈ ನಮೂನೆಯನ್ನು ಶಿಕ್ಷೆಯೆಂದು ಭಾವಿಸಿ ತಪ್ಪಿಸಿಕೊಳ್ಳುವವನು ಸಂಸ್ಥೆಯನ್ನಲ್ಲ, ತನ್ನನ್ನೇ ವಂಚಿಸಿಕೊಳ್ಳುತ್ತಾನೆ. ಅವನೊಬ್ಬನ ದೆಸೆಯಿಂದ ವಿಮಾನವು ನಡುದಾರಿಯಲ್ಲಿ ಬೇರೊಂದು ಊರಿನಲ್ಲಿ ಇಳಿಯಬೇಕಾಗಿ ಬಂದರೆ ನೂರಾರು ಮಂದಿಯ ಕಾರ್ಯವೂ ಕೆಡುತ್ತದೆ.

ಆದರೆ ದೋಷವೆಲ್ಲವನ್ನೂ ಪ್ರಯಾಣಿಕನ ತಲೆಗೇ ಕಟ್ಟುವುದು ನ್ಯಾಯವಲ್ಲ. ‘ಪ್ರಯಾಣಕ್ಕೆ ಯೋಗ್ಯನು’ ಎಂಬ ಪ್ರಮಾಣಪತ್ರವನ್ನು ರೋಗಿಯ ಮುಖವನ್ನೂ ಸರಿಯಾಗಿ ನೋಡದೆ ಬರೆದುಕೊಡುವ ವೈದ್ಯರಿದ್ದಾರೆ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಅನ್ನ ಪಥ್ಯಗಳ ವಿಚಾರವನ್ನು ಹೇಳುವವರು, “ಮುಂದಿನ ವಾರಗಳಲ್ಲಿ ವಿಮಾನಪ್ರಯಾಣವುಂಟೇ?” ಎಂಬ ಒಂದು ಪ್ರಶ್ನೆಯನ್ನು ಕೇಳುವುದಿಲ್ಲ. ವಿಮಾನ ಸಂಸ್ಥೆಗಳಾದರೋ ತಮ್ಮ ನಿಯಮಗಳನ್ನು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ, ಹುಡುಕಿದರೂ ಸಿಕ್ಕದ ಮೂಲೆಗಳಲ್ಲಿ ಅಡಗಿಸಿಟ್ಟಿವೆ. ಟಿಕೆಟ್ಟನ್ನು ಮಾರುವಾಗ ಕನ್ನಡದಲ್ಲಿ ಮಾತನಾಡಬಲ್ಲವರು ಎಚ್ಚರಿಕೆಯನ್ನು ಕೊಡುವಾಗ ಮಾತ್ರ ಕನ್ನಡವನ್ನು ಮರೆಯುವುದೇಕೆ? ಕನ್ನಡಿಗರ ಹಣವನ್ನು ಪಡೆಯುವವರು ಕನ್ನಡಿಗರ ಪ್ರಾಣಕ್ಕೆ ಸಂಬಂಧಿಸಿದ ಮಾತನ್ನು ಕನ್ನಡದಲ್ಲಿ ಹೇಳಬೇಕೆಂಬುದು ಭಾಷಾಭಿಮಾನದ ಆಡಂಬರವಲ್ಲ, ಸಾಮಾನ್ಯ ನ್ಯಾಯ.

ಆದುದರಿಂದ ನಮ್ಮ ಕೋರಿಕೆಗಳು ಮೂರು. ಒಂದು, ನಮ್ಮ ನಾಡಿನ ಆಸ್ಪತ್ರೆಗಳು ಮೂಳೆ, ಎದೆ, ತಲೆ, ಕಣ್ಣು, ಹೊಟ್ಟೆಗಳ ಚಿಕಿತ್ಸೆಯಾದವರಿಗೆ ಕೊಡುವ ಬಿಡುಗಡೆಯ ಪತ್ರದಲ್ಲಿ, ವಿಮಾನವನ್ನು ಎಂದಿನಿಂದ ಏರಬಹುದೆಂಬುದನ್ನು ತಿಳಿಗನ್ನಡದಲ್ಲಿ ಒಂದು ಸಾಲಾದರೂ ಬರೆಯಬೇಕು. ಎರಡು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು ಈ ನಿಯಮಗಳನ್ನು ದೇಶಭಾಷೆಗಳಲ್ಲಿ ನಿಲ್ದಾಣಗಳಲ್ಲಿಯೂ ಟಿಕೆಟ್ಟುಗಳಲ್ಲಿಯೂ ಪ್ರಕಟಿಸುವಂತೆ ಸಂಸ್ಥೆಗಳನ್ನು ಕಟ್ಟುಪಡಿಸಬೇಕು. ಗಾಲಿಕುರ್ಚಿಯನ್ನು ಕೇಳಿದವನೊಡನೆ, ಗಾಯವು ಎಂದಿನದೆಂದು ಕೇಳುವ ಪದ್ಧತಿಯೂ ಬರಬೇಕು. ಮೂರು, ವೈದ್ಯರ ಪತ್ರವನ್ನು ತೋರಿಸಿ ಪ್ರಾಮಾಣಿಕವಾಗಿ ಪ್ರಯಾಣವನ್ನು ಮುಂದೂಡುವವನಿಂದ ದಂಡವನ್ನು ಕಸಿಯಬಾರದು. ಸತ್ಯವನ್ನು ಹೇಳಿದವನಿಗೆ ಹಣದ ನಷ್ಟ, ಮರೆಮಾಡಿದವನಿಗೆ ಆಸನ ಎಂಬ ಏರ್ಪಾಡು ಇರುವವರೆಗೆ ಜನರು ಮರೆಮಾಡಿಯೇ ತೀರುವರು.

ವಾಚಕರಿಗೂ ನಮ್ಮ ವಿಜ್ಞಾಪನೆಯೊಂದುಂಟು. ಗಾಯಗೊಂಡು ವಿಮಾನದ ಟಿಕೆಟ್ಟನ್ನು ಕೈಯಲ್ಲಿ ಹಿಡಿದಾಗ ಮೂರು ಪ್ರಶ್ನೆಗಳನ್ನು ವೈದ್ಯರ ಮುಂದಿಡಿರಿ: ನನ್ನ ದೇಹದೊಳಗಾಗಲಿ ಕಟ್ಟಿನೊಳಗಾಗಲಿ ಸಿಕ್ಕಿಕೊಂಡ ಗಾಳಿಯಿದೆಯೇ? ಇಷ್ಟು ಹೊತ್ತು ಕುಳಿತರೆ ರಕ್ತವು ಹೆಪ್ಪುಗಟ್ಟುವ ಭಯವಿದೆಯೇ? ಮೇಲಿರುವಾಗ ಕೆಟ್ಟರೆ, ಇಳಿಯುವವರೆಗೆ ನಾನು ತಡೆಯಬಲ್ಲೆನೇ? ಈ ಮೂರಕ್ಕೂ ಸಮಾಧಾನಕರವಾದ ಉತ್ತರವು ದೊರೆತರೆ ಹೊರಡಿರಿ. ಒಂದಕ್ಕೆ ದೊರೆಯದಿದ್ದರೂ ನಿಲ್ಲಿರಿ. ಹೊರಟ ಮೇಲೆ ಕಟ್ಟಿನೊಳಗೆ ನೋವು ಏರಿದರೆ, ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದರೆ, ಉಸಿರು ಸಿಕ್ಕಿಕೊಂಡರೆ, ಸಂಕೋಚವನ್ನು ಬಿಟ್ಟು ವಿಮಾನದ ಸಿಬ್ಬಂದಿಗೆ ತಿಳಿಸಿರಿ.

ನಮ್ಮ ತಂಗಿಯು ಮಗಳ ಮದುವೆಯ ಚಿತ್ರಗಳನ್ನು ತೋರಿಸುವಾಗ ಮಂಟಪದ ಬಳಿ ನಮ್ಮ ಸ್ಥಾನವನ್ನು ಬೆರಳಿಟ್ಟು ತೋರಿಸಿ ಇಂದಿಗೂ ನಿಟ್ಟುಸಿರು ಬಿಡುತ್ತಾಳೆ. ಆ ನಿಟ್ಟುಸಿರು ನಮಗೂ ನೋವನ್ನುಂಟುಮಾಡದೆ ಇಲ್ಲ. ಆದರೆ ಅವಳ ಎದುರಿಗೆ ನಾವು ಎರಡು ಕಾಲುಗಳ ಮೇಲೆ ನಿಂತು ಅದನ್ನು ಕೇಳುತ್ತಿದ್ದೇವೆ. ಮುಹೂರ್ತವು ತಪ್ಪಿದರೆ ಮನೆಯವರು ಕ್ಷಮಿಸುವರು. ಕಾಲು ಕೆಟ್ಟರೆ ಕ್ಷಮಿಸಿ ಹಿಂದಕ್ಕೆ ಕೊಡುವವರು ಯಾರೂ ಇಲ್ಲ.